ಬಂದರಿನ ಕೂಲಿ

ಮಠದ ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದ ಶಿಷ್ಯ ರೇವಣ ಒಂದು ದಿನ ಗುರುಗಳನ್ನು ಕೇಳಿದ: "ಗೋಡೆ ಕಟ್ಟಲು ಹೊಳೆಯಾಚೆಯ ದೇಶದಿಂದ ಜನ ಬಂದಿದ್ದಾರೆ. ಅವರ ದೇಶದಲ್ಲಿ ಎಲ್ಲವೂ ಅಗ್ಗ, ಕೂಲಿಯೂ ಕಡಿಮೆ. ನಮ್ಮವರಿಗೆ ಕೊಡುವುದರಲ್ಲಿ ಅರ್ಧ ಕೊಟ್ಟರೂ ಅವರಿಗೆ ಅದು ಹೆಚ್ಚೇ. ಹಾಗೆ ಕೊಡುವುದು ನ್ಯಾಯವಲ್ಲವೇ?"

ಗುರುಗಳು ಹೇಳಿದರು:

ಗುಡ್ಡಗಾಡಿನ ದೇಶದಲ್ಲಿ ಒಬ್ಬ ನೇಕಾರನಿದ್ದ. ಅಲ್ಲಿ ದಿನದ ಕೂಲಿ ಒಂದು ನಾಣ್ಯ. ಬಂದರಿನ ದೇಶದಲ್ಲಿ ಮೂರು ಎಂದು ಕೇಳಿ, ಹೆಂಡತಿಯನ್ನೂ ಎಳೆಯ ಮಗಳನ್ನೂ ಕರೆದುಕೊಂಡು ಅಲ್ಲಿಗೆ ಹೋದ. ಮೂರು ನಾಣ್ಯ ಸಿಕ್ಕಿದ್ದು ನಿಜ. ಆದರೆ ಊರಲ್ಲಿ ಸುಮ್ಮನೆ ಸಿಗುತ್ತಿದ್ದ ನೀರಿಗೂ ಸೌದೆಗೂ ಅಲ್ಲಿ ದುಡ್ಡು ಕೊಡಬೇಕಿತ್ತು. ಬಾಡಿಗೆ ಕೊಟ್ಟು ಅಕ್ಕಿ ತಂದರೆ ಮಗುವಿನ ಹಾಲಿಗೆ ಉಳಿಯುತ್ತಿರಲಿಲ್ಲ. ಹೆಂಡತಿಯೂ ನೂಲು ಸುತ್ತುವ ಕೆಲಸಕ್ಕೆ ಹೊರಟಳು. ಮಗುವನ್ನು ನೋಡಿಕೊಳ್ಳಲು ದ್ವೀಪದ ದೇಶದಿಂದ ಬಂದ ಒಬ್ಬ ಹೆಂಗಸನ್ನು ಗೊತ್ತುಮಾಡಿದರು. ದ್ವೀಪದಲ್ಲಿ ಕೂಲಿ ಕಾಲು ನಾಣ್ಯ. ನೇಕಾರ ಅರ್ಧ ಕೊಟ್ಟ, ಮಲಗಲು ಜಗಲಿ ಕೊಟ್ಟ.

ಅವಳು ಮಗುವನ್ನು ಚೆನ್ನಾಗಿ ನೋಡಿಕೊಂಡಳು. ಒಂದು ಸಂಜೆ ನೇಕಾರ ಮನೆಗೆ ಬಂದಾಗ, ಅವಳು ಮಗುವಿಗೆ ಉಣಿಸಿ ತಟ್ಟೆಯಲ್ಲಿ ಉಳಿದ ಅನ್ನವನ್ನು ತಾನು ತಿನ್ನುತ್ತಿದ್ದಳು. ಅವನನ್ನು ಕಂಡು ತಟ್ಟೆ ಕೆಳಗಿಟ್ಟಳು.

ನೇಕಾರನಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. "ನಿಮ್ಮ ದೇಶದಲ್ಲಿ ಸಿಗುವುದರ ಎರಡರಷ್ಟು ಕೊಡುತ್ತಿದ್ದೇನಲ್ಲ, ಸಾಲದೇ?" ಎಂದ.

"ನನಗೆ ಹಸಿವಾಗುವುದು ಇಲ್ಲಿ, ಅಣ್ಣಾ," ಎಂದಳು ಅವಳು. "ನನ್ನ ಮಗ ಅಲ್ಲಿ ನನ್ನ ತಾಯಿಯ ಹತ್ತಿರ ಇದ್ದಾನೆ. ಈ ಕೂಲಿಯಲ್ಲಿ ಅವನನ್ನು ಇಲ್ಲಿ ಸಾಕಲಾಗುವುದಿಲ್ಲ. ಅವನ ಪಾಲಿನದನ್ನು ಕಳಿಸಿ, ಉಳಿದದ್ದರಲ್ಲಿ ಒಂದು ಹೊತ್ತು ಉಣ್ಣುತ್ತೇನೆ."

ಗಂಡ ಹೆಂಡತಿ ಕೂತು ಲೆಕ್ಕ ಹಾಕಿದರು. ಅವಳಿಗೆ ಹೆಚ್ಚು ಕೊಟ್ಟರೆ ತಮ್ಮ ಮಗುವಿನ ಹಾಲು ನಿಲ್ಲುತ್ತದೆ. ಅವಳನ್ನು ಬಿಡಿಸಿದರೆ ಅವಳಿಗೆ ಆ ಒಂದು ಹೊತ್ತೂ ಇಲ್ಲ. "ನಮ್ಮ ಮಗಳಿಗೆ ಅನ್ನ ಕಲಸುವಾಗ ಅವಳಿಗೆ ಏನೆನಿಸುತ್ತದೋ," ಎಂದಳು ಹೆಂಡತಿ.

ಮರುದಿನ ನೇಕಾರ ಮಗ್ಗದ ಯಜಮಾನನ ಬಳಿ ಹೋಗಿ ಕೂಲಿ ಹೆಚ್ಚಿಸಬೇಕೆಂದು ಕೇಳಿದ. "ನಿಮ್ಮ ಗುಡ್ಡದಲ್ಲಿ ಒಂದು ನಾಣ್ಯಕ್ಕೆ ದುಡಿಯುತ್ತಿದ್ದೆಯಲ್ಲ," ಎಂದು ಯಜಮಾನ ನಕ್ಕ. ತಾನು ಹಿಂದಿನ ದಿನ ಆಡಿದ ಮಾತೇ ಅದು ಎಂದು ನೇಕಾರನಿಗೆ ಹೊಳೆಯಿತು. ಅವನು ಮಗ್ಗಕ್ಕೆ ಕೂರಲಿಲ್ಲ. ಅವನನ್ನು ನೋಡಿ, ಬೇರೆ ಬೇರೆ ದೇಶಗಳಿಂದ ಬಂದಿದ್ದ ಉಳಿದವರೂ ಎದ್ದು ನಿಂತರು. ಬಂದರಿನಲ್ಲಿ ಹಡಗು ಬಟ್ಟೆಗಾಗಿ ಕಾಯುತ್ತಿತ್ತು. ಅದು ಬರಿದಾಗಿ ಹೊರಟುಬಿಟ್ಟೀತು ಎಂಬ ಭಯಕ್ಕೆ ಯಜಮಾನ ಅರ್ಧ ನಾಣ್ಯ ಹೆಚ್ಚಿಸಿದ.

ನೇಕಾರ ಆ ಅರ್ಧವನ್ನು ದಿನವೂ ಹಾಗೆಯೇ ಆ ಹೆಂಗಸಿನ ಕೈಗೆ ಕೊಟ್ಟ. ಮಳೆಗಾಲ ಕಳೆದ ಮೇಲೆ ಬಂದ ಮೊದಲ ದೋಣಿಯಲ್ಲಿ ಅವಳ ಮಗ ಬಂದಿಳಿದ. ತಾಯಿಯ ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ನೇಕಾರನ ಕೈಯಲ್ಲಿ ಏನೂ ಹೆಚ್ಚಾಗಿ ಉಳಿಯಲಿಲ್ಲವಲ್ಲ?" ಎಂದ ರೇವಣ.

ಗುರುಗಳು ಕೇಳಿದರು: "ನಮ್ಮ ಗೋಡೆ ಕಟ್ಟುತ್ತಿರುವವರ ಮಕ್ಕಳು ಎಲ್ಲಿದ್ದಾರೆ, ರೇವಣ?"