ಸತ್ತ ಕೊಂಬೆಯ ಚಂದದ ಗೂಡು

ಕಾಡಂಚಿನ ಕೆರೆಯ ಮೇಲೆ ಒಂದು ಜಾಲಿಮರ ಬಾಗಿ ನಿಂತಿತ್ತು. ಮಳೆಗಾಲ ಕಾಲಿಟ್ಟಿತೆಂದರೆ ಆ ಮರದ ತುಂಬ ಗೀಜಗಗಳದೇ ಗದ್ದಲ.

ಮಕ್ಕಳೇ, ಗೀಜಗಗಳ ಪದ್ಧತಿ ನಿಮಗೆ ಗೊತ್ತಿರಲಿ. ಗಂಡುಹಕ್ಕಿ ಹಸಿ ಹುಲ್ಲಿನ ಎಳೆ ಸೀಳಿ ತಂದು ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಅದನ್ನು ಜಗ್ಗಿ, ಅಲ್ಲಾಡಿಸಿ ನೋಡುತ್ತದೆ. ಒಪ್ಪಿದರೆ ಸಂಸಾರ. ಒಪ್ಪದಿದ್ದರೆ ಗಂಡು ಆ ಅರ್ಧಗೂಡನ್ನು ಅಲ್ಲೇ ಬಿಟ್ಟು ಬೇರೆ ಕಡೆ ಹೊಸದು ಶುರುಮಾಡುತ್ತದೆ. ಅದರಲ್ಲಿ ಅವಮಾನವೇನೂ ಇಲ್ಲ.

ಹೊನ್ನಪ್ಪನೆಂಬ ಗೀಜಗನಿಗೆ ಮಾತ್ರ ಅದು ಪ್ರಾಣ ಹೋಗುವಂಥ ಅವಮಾನ. ತಲೆಯ ಹಳದಿಯೂ ಅವನದೇ ಜಾಸ್ತಿ, ಬಾಯಿಯೂ ಅವನದೇ ಜಾಸ್ತಿ. ಇಡೀ ಮರದಲ್ಲಿ ಅವನ ಹಾಗೆ ಗಂಟು ಹಾಕುವವರಿರಲಿಲ್ಲ, ಅದೇನೂ ಸುಳ್ಳಲ್ಲ. ಆದರೆ ಎಲ್ಲರ ಕಣ್ಣಿಗೂ ಬೀಳಬೇಕೆಂದು ಅವನು ಹಿಡಿದಿದ್ದು ನೀರಿನ ಮೇಲೆ ಚಾಚಿದ್ದ ಒಂದು ಒಂಟಿ ಕೊಂಬೆ. ಅದರ ಬುಡವನ್ನು ಗೆದ್ದಲು ಒಳಗೊಳಗೇ ತಿಂದು ಮುಗಿಸಿತ್ತು.

ಮೊದಲು ನೋಡಲು ಬಂದವಳು ಬಾಳಕ್ಕ, ಹಲವು ಮಳೆಗಾಲ ಕಂಡ ಹೆಣ್ಣು. ಗೂಡನ್ನು ಜಗ್ಗಿದಳು, ತಲೆದೂಗಿದಳು. ಆಮೇಲೆ ಕೊಂಬೆಯ ಬುಡಕ್ಕೆ ಹಾರಿ ಒಂದು ಸಲ ಕುಕ್ಕಿದಳು. ತೊಗಟೆ ಪುಡಿಪುಡಿಯಾಗಿ ಉದುರಿತು.

"ಹೆಣಿಗೆ ಚಂದ ಇದೆಯಪ್ಪ. ಆದರೆ ಕೊಂಬೆ ಸತ್ತಿದೆ. ಬೇರೆ ಕಡೆ ಕಟ್ಟು, ನಾನೇ ಬರ್ತೀನಿ."

ಉದುರಿದ ಪುಡಿಯನ್ನು ಹೊನ್ನಪ್ಪನೂ ನೋಡಿದ. ಆದರೂ ಇಷ್ಟು ಎಳೆ ಹೊತ್ತು ತಂದಿದ್ದೇನೆ, ಕೊಕ್ಕು ಸವೆದಿದೆ, ಈಗ ಬಿಟ್ಟರೆ ಮರವೆಲ್ಲ ನಗುತ್ತದೆ ಎಂದು ಮನಸ್ಸು ಹಟ ಹಿಡಿಯಿತು.

ಪಕ್ಕದ ಕೊಂಬೆಯ ಗಿಡ್ಡ ಅವನನ್ನು ಕರೆದ. "ಬಿಟ್ಟು ಬಾರೋ ಮಾರಾಯ, ನನ್ನ ಮಗ್ಗುಲಲ್ಲೇ ಹಸಿ ಕೊಂಬೆ ಇದೆ. ನನ್ನ ಗೂಡನ್ನೂ ಬೇಡ ಅಂದ್ರು, ಬಿಟ್ಟೆ. ಅಷ್ಟಕ್ಕೆ ಸತ್ತುಹೋದೆನಾ?"

"ನಿನ್ನದು ಬಿಡೋ ಅಂಥ ಗೂಡೇ ಕಣೋ," ಎಂದ ಹೊನ್ನಪ್ಪ.

ಬಂದ ಹೆಣ್ಣುಗಳೆಲ್ಲ ಬೇಡವೆಂದು ಹೋದರು. ಒಬ್ಬೊಬ್ಬಳು ಹೋದಾಗಲೂ ಅವನು ಗೂಡಿಗೆ ಇನ್ನೊಂದು ಸುತ್ತು ಹೆಣೆದ, ಒಳಗೆ ಇನ್ನಷ್ಟು ಹಸಿಮಣ್ಣು ಮೆತ್ತಿದ. ಕೊಂಬೆಗೆ ಭಾರ ಏರಿತು. ಭಾರ ಏರಿದಷ್ಟೂ ಅದನ್ನು ಬಿಡುವುದು ಅವನಿಗೆ ಕಷ್ಟವಾಯಿತು.

ಕೊನೆಗೆ ಸಣ್ಣಿ ಬಂದಳು. ಅವಳಿಗದು ಮೊದಲ ಮಳೆಗಾಲ. ಉಳಿದವರು ಯಾಕೆ ಬೇಡವೆಂದರು ಎಂದು ಕೇಳಿದಳು. ಅವರಿಗೆಲ್ಲ ಹೊಟ್ಟೆಕಿಚ್ಚು ಎಂದ ಹೊನ್ನಪ್ಪ. ಅವಳು ನಂಬಿ ಒಳಗೆ ಹೊಕ್ಕಳು.

ಮೊಟ್ಟೆಯಿಡುವ ಮೊದಲೇ ಒಂದು ಮಧ್ಯಾಹ್ನ ಗಾಳಿ ಬೀಸಿ ಕೊಂಬೆ ಲಟಕ್ಕೆಂದಿತು. ಸಣ್ಣಿ ಹೊರಗೆ ಬಂದವಳೇ ಬೇರೆ ಕಡೆ ಹೋಗೋಣವೆಂದು ಗೋಗರೆದಳು. ಮಳೆಗಾಲ ಇನ್ನೂ ಇದೆ, ಎಳೆ ಹೊರಲು ತಾನೂ ಬರುತ್ತೇನೆ ಎಂದಳು.

"ಇಷ್ಟು ಕಷ್ಟಪಟ್ಟು ಹೆಣೆದದ್ದನ್ನ ಬಿಡಬೇಕಾ?"

"ಪಟ್ಟ ಕಷ್ಟ ಗೂಡು ಬಿಟ್ಟರೂ ವಾಪಸ್ ಬರಲ್ಲ, ಇಟ್ಕೊಂಡರೂ ಬರಲ್ಲ. ಹುಟ್ಟೋ ಮಕ್ಕಳ ಯೋಚನೆ ಮಾಡಿ."

ಆ ಮಾತು ಸರಿಯೆಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೇ ಸಿಟ್ಟು ಬಂತು. ನಿನ್ನೆ ಮೊನ್ನೆ ಹುಟ್ಟಿದವಳು ನನಗೆ ಬುದ್ಧಿ ಹೇಳುತ್ತೀಯಾ ಎಂದು ಗದರಿ, ಇನ್ನಷ್ಟು ಹುಲ್ಲು ತರಲು ಹಾರಿಹೋದ. ಸಣ್ಣಿಗೆ ಮೊಟ್ಟೆಯಿಡುವ ಹೊತ್ತು ಹತ್ತಿರ ಬಂದಿತ್ತು. ಹೋಗಲು ಬೇರೆ ಮನೆಯಿರಲಿಲ್ಲ.

ಮರಿಗಳಾದವು. ಕೊಂಬೆ ತಡೆಯಿತು. ಹೊನ್ನಪ್ಪ ಮರವೆಲ್ಲ ಸುತ್ತಿ, ಯಾರು ಏನಂದಿದ್ದರು ಈಗ ಹೇಳಲಿ ಎಂದು ಬೀಗಿಕೊಂಡು ಬಂದ. ಮರಿಗಳ ರೆಕ್ಕೆಗೆ ಗರಿ ಬಲಿಯಿತು. ಇನ್ನೇನು ಹಾರಬೇಕು, ಅಷ್ಟರಲ್ಲಿ ಪಡುವಣ ಗಾಳಿಗೆ ಕೊಂಬೆ ಬುಡಸಮೇತ ಮುರಿದು ಕೆರೆಗೆ ಬಿತ್ತು.

ಹುಳು ತರಲು ಹೋಗಿದ್ದ ಸಣ್ಣಿ ಬರುವಷ್ಟರಲ್ಲಿ ಒಳಗಿನ ಚಿಲಿಪಿಲಿ ನಿಂತಿತ್ತು. ಗೂಡು ಬಾಯಿ ಕೆಳಗಾಗಿ ನೀರಿನಲ್ಲಿ ಅರ್ಧ ಮುಳುಗಿ ತೇಲುತ್ತಿತ್ತು. ಮರದ ಹಕ್ಕಿಗಳೆಲ್ಲ ಕೆಳಗಿನ ಕೊಂಬೆಗಳಿಗೆ ಇಳಿದು ನೋಡಿದವು.

ಹೊನ್ನಪ್ಪ ಗೂಡಿನ ಮೇಲಿಳಿದು ಹೆಣಿಗೆಯ ಮೇಲೆ ಕೊಕ್ಕಾಡಿಸಿದ.

"ನೋಡು ಸಣ್ಣಿ, ಒಂದು ಎಳೆಯೂ ಬಿಚ್ಚಿಲ್ಲ."

"ಹೌದು," ಎಂದಳು ಸಣ್ಣಿ. "ಅದಕ್ಕೇ ಮಕ್ಕಳಿಗೆ ಹೊರಗೆ ಬರೋಕಾಗಲಿಲ್ಲ."

ಕೊಕ್ಕಿನಲ್ಲಿದ್ದ ಹುಳುವನ್ನು ನೀರಿಗೆ ಬಿಟ್ಟು ಅವಳು ಆ ಮರದಿಂದ ಹೊರಟುಹೋದಳು.

ನೀತಿ: ಪಟ್ಟ ಕಷ್ಟ ದೊಡ್ಡದೆಂದು ತಪ್ಪು ದಾರಿ ಸರಿಯಾಗುವುದಿಲ್ಲ, ಬಿಡಬೇಕಾದದ್ದನ್ನು ಹಟಕ್ಕೆ ಹಿಡಿದವನ ತಪ್ಪಿಗೆ ಅವನನ್ನು ನಂಬಿದವರು ಬೆಲೆ ತೆರುತ್ತಾರೆ.