ಎಲ್ಲರಿಗೂ ಮೊದಲ ಪುಟ

ನಗರದ ನಟ್ಟನಡುವಿನ ಆ ವಿಶ್ವವಿದ್ಯಾಲಯದಲ್ಲಿ ಐವತ್ತೆರಡು ವಿಭಾಗ. ಅದರ ಪರಿಚಯ ಪುಸ್ತಕ ಅಚ್ಚಾಗಬೇಕಿತ್ತು. ಐವತ್ತೆರಡು ಮುಖ್ಯಸ್ಥರೂ ಮೊದಲ ಪುಟ ತಮಗೇ ಬೇಕೆಂದು ಪಟ್ಟು ಹಿಡಿದರು.

ಕುಲಪತಿಗಳು ಗುಮಾಸ್ತೆ ಸರ್ವಮಂಗಳಮ್ಮನನ್ನು ಕರೆಸಿ ಗುಡುಗಿದರು: "ಸೋಮವಾರ ಪುಸ್ತಕ ಹಂಚಬೇಕು. ಒಬ್ಬರು ಗೊಣಗಿದರೂ ನಿಮ್ಮನ್ನ ಉತ್ತರಪತ್ರಿಕೆ ಗೋಡೌನಿಗೆ ಹಾಕ್ತೀನಿ!"

ಸೋಮವಾರ ಹಂಚಿದ್ದಾಯಿತು. ಗೊಣಗುವುದಿರಲಿ, ಭೂಗರ್ಭಶಾಸ್ತ್ರದವರು ಪೇಡ ಕಳಿಸಿದರು.

"ಅದೇನು ಮಾಡಿದ್ರಿ?" ಕುಲಪತಿಗಳಿಗೆ ತಲೆಬುಡ ತಿಳಿಯಲಿಲ್ಲ.

"ಪುಟ ಹಿಂದೆ ಮುಂದೆ ಮಾಡಿ ಬೈಂಡ್ ಮಾಡಿಸಿದೆ ಸಾರ್. ಅವರವರ ಪ್ರತಿಯಲ್ಲಿ ಅವರವರ ವಿಭಾಗವೇ ಮೊದಲು."

"ಅಯ್ಯೋ! ಇನ್ನೊಬ್ಬರ ಪ್ರತಿ ತೆಗೆದು ನೋಡಿದರೆ?"

"ತಮ್ಮ ಪುಟ ದಾಟಿ ಮುಂದಕ್ಕೇ ಹೋಗದವರು ಇನ್ನೊಬ್ಬರದು ನೋಡ್ತಾರಾ ಸಾರ್? ಅಂದ ಹಾಗೆ, ಬೆಳಿಗ್ಗೆ ನಿಮಗೆ ಕೊಟ್ಟ ಪ್ರತಿ ಹೇಗಿದೆ?"

"ಅದ್ಭುತ! ಮೊದಲ ಪುಟದಲ್ಲೇ ನನ್ನ ಫೋಟೋ. ಬಂದವರಿಗೆಲ್ಲ ತೋರಿಸಿದೆ."

"ಎರಡನೇ ಪುಟ ತಿರುವಿ ಸಾರ್."

ತಿರುವಿದರು. ಖಾಲಿ. ಕೊನೆಯವರೆಗೂ ಬರೀ ಬಿಳಿ ಹಾಳೆ. ಕುಲಪತಿಗಳ ಮುಖ ಕೆಂಪೇರಿತು. ಆಮೇಲೆ ಮೇಜು ಕುಟ್ಟಿ ಕುಟ್ಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಣ್ಣೊರೆಸಿಕೊಂಡು ಮತ್ತೆ ಮೊದಲ ಪುಟಕ್ಕೇ ಬಂದು ಹೇಳಿದರು:

"ಆದರೂ ಫೋಟೋ ಚೆನ್ನಾಗಿ ಬಂದಿದೆ ಕಣಮ್ಮ!"