ಹೊನ್ನಪ್ಪನ ಉದ್ದನೆಯ ಹಾಡು

ಕೆರೆಯ ಏರಿ ಮೇಲೊಂದು ಜಾಲಿ ಮರ. ನೀರಿನ ಮೇಲೆ ಬಾಗಿದ ಅದರ ಕೊಂಬೆಗಳಲ್ಲಿ ಗೀಜಗನ ಗೂಡುಗಳು ಜೋತಾಡುತ್ತಿದ್ದವು. ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೂಡು ನೇಯುತ್ತಿದ್ದವನು ಹೊನ್ನಪ್ಪ. ಕೆಲಸಗಾರನೇನೋ ಹೌದು, ಆದರೆ ಮಕ್ಕಳೇ, ಅವನ ಜಂಬ ಅಷ್ಟಿಷ್ಟಲ್ಲ!

ಗೂಡು ನೇಯುವುದಕ್ಕೆ ಅವನದೊಂದು ಹಾಡಿತ್ತು. ಕೊಂಬೆ ಹುಡುಕುವುದರಿಂದ ಹಿಡಿದು ಬಾಗಿಲಿನ ಕೊಳವೆಯವರೆಗೆ ಎಲ್ಲವೂ ಆ ಒಂದೇ ಹಾಡಿನಲ್ಲಿ. ಹಾಡು ಹೇಳಿದಂತೆ ಕೊಕ್ಕು ನಡೆಯುತ್ತಿತ್ತು. ಹಾಡಿಲ್ಲದೆ ಅವನಿಗೆ ಒಂದೆಳೆ ಹುಲ್ಲು ಹೆಣೆಯಲೂ ಬಾರದು.

ಒಮ್ಮೆ ಪಕ್ಕದ ಗೂಡಿನ ಬೈರ ಬಂದು ಕೇಳಿದ: "ಹೊನ್ನಣ್ಣ, ನನ್ನ ಗೂಡಿನ ಕೊಳವೆ ಯಾಕೋ ಸೊಟ್ಟ ಆಗ್ತಿದೆ. ಅಷ್ಟು ಮಾತ್ರ ಹೇಳಿಕೊಡು."

"ಏನಂದೆ? ನನ್ನ ಹಾಡನ್ನ ತುಂಡು ಮಾಡೋದಾ? ಕೇಳೋದಾದ್ರೆ ಮೊದಲಿಂದ ಕೇಳು, ಇಲ್ಲ ಎದ್ದು ಹೋಗು!"

ಪಾಪ ಬೈರ, ಅರ್ಧ ಕೇಳುವಷ್ಟರಲ್ಲೇ ತೂಕಡಿಸಿ, ಎದ್ದು ಹೋದ.

ಹೊನ್ನಪ್ಪನ ಹೆಂಡತಿ ಚೆಲುವಿ ಮೊಟ್ಟೆಯಿಟ್ಟಳು. ಒಂದು ಸಂಜೆ ಜೋರು ಗಾಳಿ ಬೀಸಿತು. ಗೂಡು ಮುಳ್ಳಿಗೆ ಉಜ್ಜಿ ತಳ ಹರಿದೇಹೋಯಿತು. ಕೆಳಗೆ ನೋಡಿದರೆ ಕೆರೆಯ ನೀರು!

"ರೀ, ಬೇಗ ಬನ್ನಿ! ತಳ ಬಿಟ್ಟುಕೊಂಡಿದೆ, ಮೊಟ್ಟೆ ಜಾರ್ತಿವೆ!" ಎಂದು ಕೂಗಿದ ಚೆಲುವಿ, ರೆಕ್ಕೆ ಹರಡಿ ತೂತಿಗೆ ಅಡ್ಡ ಮಲಗಿದಳು.

ಹೊನ್ನಪ್ಪ ಹಾರಿ ಬಂದು ಹರಿದ ತಳ ನೋಡಿದ. "ಬಂದೆ, ಬಂದೆ!" ಎಂದವನೇ, "ಗಟ್ಟಿ ಕೊಂಬೆಯ ಹುಡುಕು..." ಎಂದು ಹಾಡುತ್ತಾ ಹಾರಿಯೇಬಿಟ್ಟ.

"ಅಯ್ಯೋ, ಎಲ್ಲಿಗೆ ಹೊರಟ್ರಿ?"

"ಕೊಂಬೆ ಹುಡುಕೋಕೆ ಕಣೇ! ಹಾಡು ಶುರುವಾಗೋದೇ ಅಲ್ಲಿಂದ!"

"ಕೊಂಬೆ ಯಾಕ್ರೀ ಈಗ? ತಳದ್ದನ್ನ ಹಾಡಿ!"

ಹೊನ್ನಪ್ಪ ತಿರುಗಿ ಬಂದು ಬಾಯಿ ತೆರೆದ. ಮತ್ತೆ ಬಂದದ್ದು ಕೊಂಬೆಯೇ. "ನಡುವಿನಿಂದ ನನಗೆ ಬರೋದಿಲ್ಲ ಚೆಲುವಿ," ಎಂದು ಅತ್ತೇಬಿಟ್ಟ.

ಚೆಲುವಿ ಆ ಹಾಡನ್ನು ದಿನಾ ಕೇಳಿದವಳು. "ಅಳಬೇಡಿ. ಒಂದೊಂದು ಕೆಲಸ ಮುಗಿದಾಗಲೂ ನೀವು ಉಸಿರು ತಗೋತೀರಿ. ಗೂಡಿನ ಹೊಟ್ಟೆ ಹೆಣೆದು ಉಸಿರು ತಗೊಂಡ ಮೇಲೆ ಏನು ಹಾಡ್ತೀರಿ?"

ಹೊನ್ನಪ್ಪ ಕಣ್ಣು ಮುಚ್ಚಿದ. ಉಸಿರೆಳೆದ. "ಹಸಿ ಎಳೆ ತಾ, ಅಡ್ಡ ಹಾಕು, ಒಳಗಿಂದ ಬಿಗಿ..." ಬಂತು ನೋಡಿ! ಕೊಕ್ಕು ಸರಸರನೆ ಓಡಿತು. ಕತ್ತಲಾಗುವ ಮೊದಲೇ ತಳ ಗಟ್ಟಿಯಾಯಿತು. ಮೊಟ್ಟೆಗಳೆಲ್ಲ ಉಳಿದವು.

ಮರುದಿನ ಹೊನ್ನಪ್ಪ ಉಸಿರು ತೆಗೆದುಕೊಂಡಲ್ಲೆಲ್ಲ ಹಾಡನ್ನು ಬಿಡಿಸಿದ. "ಇದು ಮೊದಲನೇ ತುಂಡು, ಇದು ಎರಡನೇದು..."

"ಗಾಬರಿಯಲ್ಲಿ ಎಷ್ಟನೇದು ಏನು ಅಂತ ಯಾರಿಗ್ರೀ ನೆನಪಿರುತ್ತೆ? ಅದು ಮಾಡೋ ಕೆಲಸದ ಹೆಸರೇ ಇಡಿ," ಎಂದಳು ಚೆಲುವಿ.

ಹೀಗೆ ಕೊಂಬೆಯ ಹಾಡು, ಕೊಂಬೆಗೆ ಹುಲ್ಲು ಬಿಗಿಯುವ ಗಂಟಿನ ಹಾಡು, ಹೊಟ್ಟೆಯ ಹಾಡು, ತಳದ ಹಾಡು, ಕೊಳವೆಯ ಹಾಡು ಆದವು. ಸಾಲಾಗಿ ಹಾಡಿದರೆ ಅದೇ ಹಳೇ ಹಾಡು, ಅದೇ ಗೂಡು. ಒಂದು ಪದವೂ ಕಳೆದಿರಲಿಲ್ಲ. ಹೊನ್ನಪ್ಪನಿಗೆ ಹಿಗ್ಗೋ ಹಿಗ್ಗು!

ತಾನಾಗಿಯೇ ಬೈರನನ್ನು ಕರೆದ. "ಬಾರೋ, ಕೊಳವೆ ಹಾಡು ತಾನೇ? ಕೂತ್ಕೋ." ಈ ಸಲ ಬೈರ ತೂಕಡಿಸಲಿಲ್ಲ.

ಹಾಡು ಇನ್ನೇನು ಮುಗಿಯಬೇಕು, ಗೂಡಿನೊಳಗಿಂದ "ಚೀಂವ್" ಎಂಬ ಸದ್ದು. ಮೊದಲ ಮರಿ! ಹೊನ್ನಪ್ಪ ಹಾಡು ಬಿಟ್ಟು ಒಳಗೆ ಓಡಿದ. ಮರಿಯನ್ನು ಕಣ್ತುಂಬ ನೋಡಿ ಹೊರಬಂದು, ಬಿಟ್ಟಲ್ಲಿಂದಲೇ ಹಾಡು ಹಿಡಿದ.

ನೀತಿ: ಉದ್ದನೆಯ ಕೆಲಸವನ್ನು ಸಣ್ಣದಾಗಿ ಬಿಡಿಸಿ, ಒಂದೊಂದಕ್ಕೂ ತಕ್ಕ ಹೆಸರಿಟ್ಟುಕೊಂಡರೆ, ಬೇಕಾದಾಗ ಬೇಕಾದ್ದು ಕೈಗೆ ಸಿಗುತ್ತದೆ.